ಸ್ಪೀಡ್ ಎಷ್ಟಂತ ಗಾಲೀನ ಕೇಳ್ಬೇಕ್ರಿ

ಕೇಳುಗರಿಗೆಲ್ಲಾ ನಮಸ್ಕಾರ್ರಿ. ಬೆಳಗಾವಿ ಉದ್ಯಮಬಾಗದಾಗ ನಾವು ನಾಕು ಮಂದಿ ಗೆಳ್ಯಾರು ಕೂಡಿ ಪೈಪಿನ ಚಾಸಿ ವೆಲ್ಡಿಂಗ್ ಮಾಡಿ, ಬೈಕಿನ ಇಂಜಿನ್ ಕೂಡ್ಸಿ, ಕಿಟ್ ಕಾರ್ ಅಂತಾರಲ್ರಿ, ಅಂಥಾದ್ದೊಂದ್ ಕಟ್ಟೇವಿ. ರೋಡಿಗಿ ತರಂಗಿಲ್ರಿ, ಬಯಲಿನ್ಯಾಗಷ್ಟ ಓಡಸ್ತೀವಿ. ಚೈನು, ಬ್ರೇಕು ಎಲ್ಲಾ ಹದಕ್ಕ ಬಂತು, ಆದ್ರ ಸ್ಪೀಡೋಮೀಟರ್ ಭಾಳ ಕಾಡಿಸ್ತ್ರಿ.

ಹಳೇ ಬೈಕಿನ ಮೀಟರ್ ಬಿಚ್ಚಿ ನೋಡೀರೇನು? ಮುಂದಿನ ಗಾಲಿಯಿಂದ ಬಂದ ಕೇಬಲ್ ಒಳಗೊಂದ್ ಮ್ಯಾಗ್ನೆಟ್ ತಿರುಗಿಸ್ತೈತಿ, ಅದನ್ನ ಮುಚ್ಚಿಧಂಗ ಅಲ್ಯುಮಿನಿಯಂದ ಸಣ್ಣ ಬಟ್ಟಲ, ಒಂದಕ್ಕೊಂದು ತಾಗಂಗಿಲ್ಲ, ಆದ್ರೂ ಮ್ಯಾಗ್ನೆಟ್ ಬಟ್ಟಲಾನ ಜಗ್ಗತೈತಿ, ಕೂದಲಿನಂಥ ಸ್ಪ್ರಿಂಗ್ ಬಿಡಂಗಿಲ್ಲ ಅಂತೈತಿ, ಆ ಜಗ್ಗಾಟದಾಗ ಮುಳ್ಳು ಎಲ್ಲಿ ನಿಲ್ತೈತಿ ಅದ ಸ್ಪೀಡು. ಎಷ್ಟ ಚಂದ ಕೆಲಸ ನೋಡ್ರಿ! ಆದ್ರ ನಮ್ಮ ಕಾರಿನ ಮುಂದಿನ ಗಾಲ್ಯಾಗ ಆ ಕೇಬಲ್ ತಿರುಗ್ಸೋ ಗೇರ ಇಲ್ಲ, ಟೈರ್ ಸೈಜೂ ಬ್ಯಾರೆ. ಇಂಜಿನ್ ಆರ್‌ಪಿಎಂ ಮ್ಯಾಲ ಲೆಕ್ಕಾ ಹಾಕೂಣು ಅಂದ ಒಬ್ಬ, ಕ್ಲಚ್ ಹಿಡದ್ರ ಇಂಜಿನ್ ದಾರಿ ಬ್ಯಾರೆ, ಗಾಲಿ ದಾರಿ ಬ್ಯಾರೆ, ನಾ ಒಪ್ಪಲಿಲ್ರಿ.

ಕಡೀಕ್ ದಾರಿ ಸಿಕ್ಕಿದ್ದು ನಮ್ಮ ಮಷೀನ್ ಶಾಪಿನ್ಯಾಗ. ಸಿಎನ್‌ಸಿ ಅಂದ್ರ ಕಂಪ್ಯೂಟರ್ ನಡಸೋ ಮಷೀನಿಗೆ ಹಾಕ್ತೀವಲ್ರಿ ಪ್ರಾಕ್ಸಿಮಿಟಿ ಸೆನ್ಸರ್, ಎದುರಿಗೆ ಕಬ್ಬಿಣ ಬಂದ್ರ ಲೈಟ್ ಹತ್ತತೈತಿ, ಬ್ಯಾಟರಿ 12 ವೋಲ್ಟ್ ಅದಕ್ಕ ಸಾಕು. ಹಿಂದಿನ ಸ್ಪ್ರಾಕೆಟ್, ಅಂದ್ರ ಚೈನ್ ಕೂಡೋ ಹಲ್ಲಿನ ಚಕ್ರ, ಅದರ ನಾಕು ಬೋಲ್ಟಿನ ತಲಿ ಎದುರಿಗೆ ಎರಡು ಮಿಲಿಮೀಟರ್ ಸಂದು ಬಿಟ್ಟು ಕೂಡ್ಸಿದ್ವಿ. ಬೋಲ್ಟ್ ದಾಟಿದಾಗೊಮ್ಮೆ ಸೆನ್ಸರಿಂದ ಒಂದ್ ಪಲ್ಸ್, ಅಂದ್ರ ಒಂದ್ ಸಣ್ಣ ಸಿಗ್ನಲ್, ಹೋಗ್ತೈತಿ, ಅದನ್ನ ಎಣಸೋ ಮೀಟರ್ ಸ್ಪೀಡ್ ತೋರಸ್ತೈತಿ. ನಮ್ದರಾಗ ಸ್ಪ್ರಾಕೆಟ್ ಡಿಫರೆನ್ಷಿಯಲ್ ಮ್ಯಾಲ ಐತಿ, ಅಂದ್ರ ಹಿಂದಿನ ಎರಡು ಗಾಲಿನೂ ಬ್ಯಾರೆ ಬ್ಯಾರೆ ಸ್ಪೀಡಿನ್ಯಾಗ ತಿರುಗಾಕ ಬಿಡೋ ಗೇರಿನ ಮ್ಯಾಲ, ಹಿಂಗಾಗಿ ತಿರುವಿನ್ಯಾಗ ಒಂದ್ ಗಾಲಿ ಜೋರು ಒಂದ್ ಗಾಲಿ ಸಾವಕಾಶ ಆದ್ರೂ ಸ್ಪ್ರಾಕೆಟ್ ಎರಡರ ಸರಾಸರಿ ಹಿಡೀತೈತಿ.

ಇಂಜಿನ್ ಚಾಲೂ ಮಾಡಿದ್ವಿ ನೋಡ್ರಿ, ಕಾರ್ ನಿಂತಲ್ಲೇ ಐತಿ, ಮೀಟರ್ 140 ತೋರಸ್ತೈತಿ! ಎರಡ್ ದಿನಾ ತಲಿ ಕೆಟ್ಟು ಹೋತು. ಸೆನ್ಸರ್ ವೈರ್ ಇಂಜಿನ್ನಿನ ಸ್ಪಾರ್ಕ್ ಪ್ಲಗ್ ವೈರಿಗೆ ಒತ್ತಿ ಕಟ್ಟಿದ್ದ ನಾನ, ಕಿಡಿ ಹಾರಿದಾಗೊಮ್ಮೆ ಮೀಟರ್ ಅದನ್ನ ಬೋಲ್ಟ್ ಅಂತ ಎಣಸ್ತಿತ್ತು. ಜಾಳಗಿ ಸುತ್ತಿದ ಶೀಲ್ಡೆಡ್ ವೈರ್ ತಂದು, ಜಾಳಗೀನ ಒಂದ ತುದ್ಯಾಗ ಅರ್ಥಿಂಗ್ ಕೊಟ್ಟು, ದೂರಿಂದ ಎಳದ್ವಿ, ಮೀಟರ್ ಸೊನ್ನೆಗೆ ಬಂದು ನಿಂತ್ತು.

ಇನ್ನ ಅಳತಿ. ಟೈರಿನ ಮ್ಯಾಲ ಬರದಿದ್ದ ನಂಬರ್ ನಂಬಿ ಲೆಕ್ಕಾ ಹಾಕ್ಬ್ಯಾಡ್ರಿ, ಮನಷ್ಯಾ ಕುಂತ್ರ ಟೈರ್ ಸ್ವಲ್ಪ ಕುಗ್ಗತೈತಿ. ಒಬ್ಬನ್ನ ಒಳಗ ಕುಂದರ್ಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರಿ ಹಾಕಿ, ಹತ್ತು ಸುತ್ತು ಕಾರ್ ನೂಕಿ ಟೇಪ್ ಹಿಡದ್ವಿ, 17.4 ಮೀಟರ್. ಅಂದ್ರ ಒಂದೊಂದ್ ಸುತ್ತಿಗೆ 1.74 ಮೀಟರ್, ಕಿಲೋಮೀಟರಿಗೆ 575 ಸುತ್ತು, ನಾಕು ಬೋಲ್ಟಂದ್ರ 2300 ಪಲ್ಸ್. ನಾ ಸ್ಪೀಡೋಮೀಟರಿಗೆ ಕಿಲೋಮೀಟರಿಗೆ 2250 ಪಲ್ಸ್ ಅಂತ ಕೊಟ್ಟೆ, ನಂಬರ್ ಕಡಿಮಿ ಕೊಟ್ರ ಅದು ಸ್ಪೀಡ್ ಸ್ವಲ್ಪ ಹೆಚ್ಚ ತೋರಸ್ತೈತಿ, ಯಾಕ ಹಂಗ ಮಾಡಿದೆ ಅಂದ್ರ ಖರೇ ಸ್ಪೀಡಿಗಿಂತ ಒಂದ್ ಕೂದಲ ಹೆಚ್ಚ ತೋರಿಸಿದ್ರ ನಡೀತೈತಿ, ಕಡಿಮಿ ಮಾತ್ರ ತೋರಿಸ್ಬಾರ್ದ್ರಿ, ಕಾಲು ಬ್ರೇಕಿಗೆ ಹೋಗೂದು ಅದನ್ನ ನೋಡೇ ಅಲ್ಲೇನ್ರಿ.

ಮೊನ್ನೆ ಸಂಜೀಕ ಬಯಲಿಗೆ ಒಯ್ದಿದ್ವಿ. ಬಾಜೂಕ ಕುಂತ ಹುಡುಗ ಮೊಬೈಲಿನ ಜಿಪಿಎಸ್ ನೋಡಿ "ನಲವತ್ತು ಅಣ್ಣಾ" ಅಂತ ಒದರಿದ. ಮೀಟರ್‌ನ್ಯಾಗ 41 ಇತ್ತು.