ಕೆಂಪಿಗೆ ಹಸಿ ಮಾಂಸ ಶುರು ಮಾಡಿದ್ದು, ಮತ್ತೆ ಲೋಟದೊಳಗಿನ ಒಂದು ರೂಪಾಯಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಆರೂವರೆ, ಮೈಸೂರು, ಇದು ನಮ್ಮ ಮನೆ ಹತ್ತಿರದ ಕೋಳಿ ಅಂಗಡಿ. ಎಂಟು ಗಂಟೆ ಮೇಲೆ ಬಂದರೆ ಇಲ್ಲಿ ನಿಲ್ಲೋಕೂ ಜಾಗ ಇರುವುದಿಲ್ಲ. ಅದಕ್ಕೇ ಬೇಗ ಬರುತ್ತೇನೆ. ಆಗಿನ್ನೂ ಮರದ ದಿಮ್ಮಿ ತೊಳೆದು ಒಣಗಿರುತ್ತದೆ, ನಮ್ಮದೇ ಮೊದಲ ಕೋಳಿ. ನಮ್ಮ ನಾಯಿ ಕೆಂಪಿಗೆ ಹಸಿಯಾಗಿ ಕೊಡುವುದಾದರೆ ಇದು ಮುಖ್ಯ. ಮಧ್ಯಾಹ್ನದವರೆಗೆ ನೊಣ ಕೂತ ಮಾಂಸ ಬೇಯಿಸಿ ತಿನ್ನುವವರಿಗೆ ನಡೆಯಬಹುದು, ನಮಗೆ ನಡೆಯಲ್ಲ.

ಮೊದಲ ಸಲ ನಾನು ಒಂದು ಕೆಜಿ ಕತ್ತು ಕೇಳಿದಾಗ ಅಂಗಡಿಯವರು "ನಾಯಿಗಾ ಮೇಡಂ?" ಅಂದರು. "ಹೌದಣ್ಣ, ಆದರೆ ನಮಗೆ ಕೊಡೋ ಹಾಗೇ ಕ್ಲೀನ್ ಮಾಡಿಕೊಡಿ" ಅಂದೆ. ಮುಂಚೆ ಒಂದೆರಡು ಕತ್ತು ಸುಮ್ನೆ ಹಾಕಿಕೊಡುತ್ತಿದ್ದರು. ವಾರ ವಾರ ಕೇಳೋಕೆ ಶುರು ಮಾಡಿದ ಮೇಲೆ ಕೆಜಿಗೆ 80 ರೂಪಾಯಿ ಆಯಿತು. ಅದು ಸರಿಯೇ, ಅವರೂ ಕೂತು ಬಿಡಿಸಬೇಕಲ್ಲ.

ಸರಿ, ಮನೆಗೆ ಬಂದೆವು. ಬಾಗಿಲ ಹತ್ತಿರ ಚೀಲ ಮೂಸುತ್ತಾ ಸುತ್ತು ಹೊಡೆಯುತ್ತಿದ್ದಾಳಲ್ಲ, ಅವಳೇ ಕೆಂಪಿ. ನಮ್ಮ ಬೀದಿಯಲ್ಲೇ ಹುಟ್ಟಿದವಳು. ಮೂರು ವರ್ಷ, 18 ಕೆಜಿ.

ಯಾಕೆ ಶುರು ಮಾಡಿದೆ ಅಂತ ತುಂಬಾ ಜನ ಕೇಳಿದ್ದೀರಿ. ಅವಳಿಗೆ ಅನ್ನ ಮೊಸರು ಬೇಸರವಾಗಿತ್ತು. ತಟ್ಟೆ ಮೂಸಿ ಹೋಗಿ ಮೂಲೆಯಲ್ಲಿ ಮಲಗುತ್ತಿದ್ದಳು. ನಾನು ಅಂತರ್ಜಾಲದಲ್ಲಿ ಹುಡುಕುತ್ತಾ ಹೋದಾಗ ಈ ಹಸಿ ಊಟದ ವಿಷಯ ಸಿಕ್ಕಿತು. ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್ 1993ರಲ್ಲಿ ಇದರ ಮೇಲೆ ಒಂದು ಪುಸ್ತಕ ಬರೆದರು, ಅಲ್ಲಿಂದ ಇದು ಎಲ್ಲ ಕಡೆ ಹಬ್ಬಿತು. ಆದರೆ ಎಲ್ಲ ಡಾಕ್ಟರುಗಳೂ ಒಪ್ಪುತ್ತಾರೆ ಅಂದುಕೊಳ್ಳಬೇಡಿ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸ ಬೇಡ ಅಂತ ಹೇಳಿದೆ, ಸಾಲ್ಮೊನೆಲ್ಲಾ ಥರದ ರೋಗಾಣು ನಾಯಿಯಿಂದ ಮನೆಯವರಿಗೂ ಬರುತ್ತದೆ ಅಂತ. ನಮ್ಮ ಕೆಂಪಿಯ ಡಾಕ್ಟರೂ ಇದೇ ಗುಂಪಿನವರು. ನಾನು ಹೋಗಿ ಕೂತ ಕೂಡಲೇ ಅವರು ಕೇಳಿದ್ದು ನಾಯಿಯ ಬಗ್ಗೆ ಅಲ್ಲ. "ಮನೆಯಲ್ಲಿ ಯಾರ್ಯಾರಿದ್ದೀರಿ?" ಅಂತ ಕೇಳಿದರು. ಅಜ್ಜಿ ಇದ್ದಾರೆ, 81 ವರ್ಷ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

ಅದಕ್ಕೇ ಈಗ ನೋಡುತ್ತಿದ್ದೀರಲ್ಲ, ಇದು ಟೆರೇಸ್. ಪೂರ್ತಿ ತಯಾರಿ ಇಲ್ಲೇ. ಅಡುಗೆ ಮನೆಗೆ ಇದು ಬರುವುದೇ ಇಲ್ಲ. ಬೇರೆ ಚಾಕು, ಬೇರೆ ಹಲಗೆ, ಬೇರೆ ಸ್ಪಂಜು. ಎಲ್ಲಕ್ಕೂ ಕೆಂಪು ದಾರ ಕಟ್ಟಿದ್ದೇನೆ, ಅಮ್ಮ ಮರೆತು ತರಕಾರಿಗೆ ತೆಗೆದುಕೊಳ್ಳಬಾರದು ಅಂತ.

ತೂಕಕ್ಕೆ ಬರೋಣ. ಪೂರ್ತಿ ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ನೂರರಲ್ಲಿ ಎರಡರಿಂದ ಮೂರು ಭಾಗ ಅಂತ ಲೆಕ್ಕ. ಕೆಂಪಿಗೆ ಎರಡೂವರೆ ಹಿಡಿದರೆ 450 ಗ್ರಾಂ. ಅದರಲ್ಲಿ 80 ಭಾಗ ಮಾಂಸ, 10 ಭಾಗ ಮೂಳೆ, 10 ಭಾಗ ಒಳಗಿನ ಅಂಗಗಳು. ಆ ಅಂಗಗಳಲ್ಲೂ ಅರ್ಧ ಮಾತ್ರ ಲಿವರ್. ಗುಂಡಿಗೆ, ಗಿಜಾರ್ಡ್ (ಕೋಳಿ ಕಾಳು ಅರೆಯುವ ಹೊಟ್ಟೆ) ಇವೆರಡೂ ಮಾಂಸದ ಲೆಕ್ಕಕ್ಕೆ ಹೋಗುತ್ತವೆ, ಇದು ನನಗೆ ಮೊದಲು ಗೊತ್ತಿರಲಿಲ್ಲ. ಕತ್ತಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಭಾಗ ಮೂಳೆ ಇರುತ್ತದೆ. ಹಾಗಾಗಿ 130 ಗ್ರಾಂ ಕತ್ತು ಹಾಕಿದರೆ ಒಂದು ದಿನದ ಮೂಳೆ ಮುಗಿಯಿತು. ಬರೀ ಬೋನ್‌ಲೆಸ್ ಹಾಕಿದರೆ ಒಳ್ಳೆಯದು ಅಂದುಕೊಂಡಿದ್ದರೆ ಬಿಟ್ಟುಬಿಡಿ. ಮಾಂಸದಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮರಿಗಳಿಗೆ ತಿಂಗಳುಗಟ್ಟಲೆ ಹಾಗೆ ಕೊಟ್ಟರೆ ಕಾಲು ಸೊಟ್ಟಗಾಗುತ್ತವೆ. ಮರಿ ಇದ್ದವರು ದಯವಿಟ್ಟು ಈ ವಿಡಿಯೋ ನೋಡಿ ಶುರು ಮಾಡಬೇಡಿ, ಡಾಕ್ಟರ ಹತ್ತಿರ ಕೂತು ಬರೆಸಿಕೊಳ್ಳಿ.

ಇನ್ನೊಂದು ವಿಷಯ, ಬಿರಿಯಾನಿ ಮೂಳೆ. ಊಟ ಮುಗಿದ ಮೇಲೆ ಎಲೆಯಲ್ಲಿ ಉಳಿದದ್ದನ್ನು ಪ್ರೀತಿಯಿಂದ ತಂದು ನಾಯಿಗೆ ಹಾಕುತ್ತೇವೆ. ಬೆಂದ ಮೂಳೆ ಚೂರಾದರೆ ಸೂಜಿ ಥರ ಆಗುತ್ತದೆ, ಗಂಟಲು, ಕರುಳು ಎಲ್ಲಿ ಬೇಕಾದರೂ ಚುಚ್ಚುತ್ತದೆ. ಹಸಿ ಕತ್ತಿನ ಮೂಳೆ ಬಾಗುತ್ತದೆ. ಇಲ್ಲಿ ನೋಡಿ, ಕೈಯಲ್ಲಿ ಹಿಡಿದು ಬಾಗಿಸುತ್ತಿದ್ದೇನೆ, ಹಗ್ಗದ ಹಾಗಿದೆ. ಆದರೂ ಕೆಂಪಿ ಮೊದಲ ದಿನ ಅಗಿಯದೆ ಒಂದೇ ಸಲ ನುಂಗಲು ಹೋಗಿದ್ದಳು, ನನ್ನ ಎದೆ ಬಾಯಿಗೆ ಬಂದಿತ್ತು. ಈಗ ಒಂದು ತುದಿ ನಾನು ಹಿಡಿದುಕೊಳ್ಳುತ್ತೇನೆ, ಅವಳು ಕಟ ಕಟ ಅಗಿಯುತ್ತಾಳೆ. ನಲ್ಲಿ ಮೂಳೆ ಮಾತ್ರ ಹಸಿಯಾಗಿದ್ದರೂ ಬೇಡ, ಹಲ್ಲು ಸೀಳುತ್ತದೆ.

ಇದು ಕಿಡ್ನಿ, ಕುರಿಯದು, ಬೇಯಿಸಿದ್ದೇನೆ. ಹಸಿ ಅಂತ ಹೇಳಿ ಇದನ್ನು ಯಾಕೆ ಬೇಯಿಸಿದೆ ಅಂದರೆ, ಕುರಿಯ ಲಿವರ್, ಶ್ವಾಸಕೋಶದಲ್ಲಿ ಕೆಲವೊಮ್ಮೆ ನೀರು ತುಂಬಿದ ಗುಳ್ಳೆಗಳಿರುತ್ತವೆ. ಬೇರೆ ಅಂಗಗಳಲ್ಲೂ ಇರಬಹುದು. ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಲ್ಲಿ ಚಿಕ್ಕ ಲಾಡಿ ಹುಳು ಬೆಳೆಯುತ್ತದೆ. ನಾಯಿಗೆ ಏನೂ ಗೊತ್ತಾಗಲ್ಲ. ಅದರ ಕಕ್ಕದಲ್ಲಿ ಬರುವ ಮೊಟ್ಟೆ ನಮ್ಮ ಹೊಟ್ಟೆ ಸೇರಿದರೆ ನಮ್ಮ ಲಿವರಿನಲ್ಲಿ ಗುಳ್ಳೆ ಏಳುತ್ತದೆ. ಹಾಗಾಗಿ ಕುರಿಯದ್ದು ಏನೇ ಇರಲಿ, ಬೇಯಿಸಿಯೇ. ಡಾಕ್ಟರು ಹೇಳಿದ ದಿನಕ್ಕೆ ಸರಿಯಾಗಿ ಜಂತುಹುಳದ ಮಾತ್ರೆಯನ್ನೂ ಹಾಕುತ್ತೇನೆ, ಅದರಲ್ಲಿ ಈ ಲಾಡಿ ಹುಳು ಕೊಲ್ಲುವ ಔಷಧಿ ಪ್ರಾಜಿಕ್ವಾಂಟೆಲ್ ಇದೆಯಾ ಅಂತ ನೋಡಿಕೊಂಡು.

ಈಗ ಡಬ್ಬಿ ತುಂಬುತ್ತಿದ್ದೇನೆ, ಇದರಲ್ಲಿ ಹೇಳುವಂಥದ್ದು ಏನಿಲ್ಲ. ಅಲ್ಲಿ ಫ್ರೀಜರಿನಲ್ಲಿ ಒಂದು ಸ್ಟೀಲ್ ಲೋಟ ಕಾಣಿಸುತ್ತಿದೆಯಲ್ಲ, ಅದರ ಕಥೆ ಹೇಳುತ್ತೇನೆ.

ಹೋದ ತಿಂಗಳು ಹತ್ತು ದಿನದ ಊಟ ಒಟ್ಟಿಗೆ ಮಾಡಿಟ್ಟಿದ್ದೆ. ಎರಡು ದಿನದ್ದು ಮುಗಿದಿತ್ತು, ಎಂಟು ಡಬ್ಬಿ ಉಳಿದಿತ್ತು. ಚಿಕ್ಕಪ್ಪನ ಮಗಳ ಮದುವೆ, ಅರಸೀಕೆರೆ. ಶನಿವಾರ ಬೆಳಿಗ್ಗೆ ಕೆಂಪಿಯನ್ನೂ ಕರೆದುಕೊಂಡು ಎಲ್ಲರೂ ಹೊರಟೆವು. ಹೊರಡುವ ಹಿಂದಿನ ದಿನ ಒಂದು ಲೋಟ ನೀರು ಗಟ್ಟಿಯಾಗಲು ಬಿಟ್ಟು, ಮಂಜಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟಿದ್ದೆ. ಎಲ್ಲೋ ಕೇಳಿದ್ದೆ, ಮಾಡಿ ನೋಡೋಣ ಅಂತ ಅಷ್ಟೇ. ಸೋಮವಾರ ಸಂಜೆ ವಾಪಸ್ ಬಂದೆವು. ಫ್ರಿಜ್ ಓಡುತ್ತಿದೆ, ಲೈಟು ಇದೆ, ಡಬ್ಬಿ ಕಲ್ಲಿನ ಹಾಗೆ ಗಟ್ಟಿಯಾಗಿದೆ. ಒಂದು ಡಬ್ಬಿ ತೆಗೆದು ಕೆಳಗಿಡಲು ಹೋದೆ, ಆಗ ಲೋಟ ಕಣ್ಣಿಗೆ ಬಿತ್ತು. ಮೇಲೆ ನಾಣ್ಯ ಇಲ್ಲ. ಯಾರೋ ತೆಗೆದರಾ ಅಂದುಕೊಂಡೆ. ಲೋಟವನ್ನು ನಲ್ಲಿ ಕೆಳಗೆ ಹಿಡಿದು ಮಂಜುಗಡ್ಡೆ ಬಿಡಿಸಿ ತಿರುಗಿಸಿದರೆ ಅಡಿಯಲ್ಲಿ ಕೂತಿದೆ ಒಂದು ರೂಪಾಯಿ, ಸುತ್ತ ಸಣ್ಣ ಸಣ್ಣ ಗುಳ್ಳೆ, ತಿಳಿ ಗಾಜಿನೊಳಗೆ ಇಟ್ಟ ಹಾಗೆ. ಅಂದರೆ ನೀರೆಲ್ಲ ಕರಗಿ, ನಾಣ್ಯ ಮುಳುಗಿ, ಆಮೇಲೆ ಮತ್ತೆ ಗಟ್ಟಿಯಾಗಿದೆ. ಪಕ್ಕದ ಮನೆ ಆಂಟಿಯನ್ನು ಕೇಳಿದೆ. "ಅಯ್ಯೋ, ಶನಿವಾರ ಮಧ್ಯಾಹ್ನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ ಭಾನುವಾರ ರಾತ್ರಿ ಬಂತು ಕಣೇ ಕರೆಂಟು" ಅಂದರು. ನಮ್ಮ ಇನ್ವರ್ಟರು ಲೈಟು, ಫ್ಯಾನಿಗೆ ಮಾತ್ರ. ಫ್ರಿಜ್ಜಿಗೆ ಕೊಟ್ಟಿಲ್ಲ.

ಅಮ್ಮ "ಚೆನ್ನಾಗಿ ಕುದಿಸಿ ಹಾಕಿಬಿಡು, ಬಿಸಾಡಬೇಡ" ಅಂದರು. ನನಗೂ ಹಾಗೇ ಅನ್ನಿಸಿತು. ಡಾಕ್ಟರಿಗೆ ಫೋನ್ ಮಾಡಿದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ಕೆಲವು ರೋಗಾಣು ಬಿಟ್ಟ ವಿಷ ಕುದಿಸಿದರೂ ಹೋಗಲ್ಲ ಅಂದರು. ಮುಗಿಯಿತು. ಮೂರೂವರೆ ಕೆಜಿಗೂ ಜಾಸ್ತಿ ಮಾಂಸ. ದಿನಕ್ಕೆ 95 ರೂಪಾಯಿ ಲೆಕ್ಕದಲ್ಲಿ 760 ರೂಪಾಯಿ. ದುಡ್ಡಿಗಿಂತ ಹೆಚ್ಚು ನೋವಾಗಿದ್ದು, ಅಷ್ಟು ಕೋಳಿಯ ಜೀವ ಹೀಗೆ ಕಸಕ್ಕೆ ಹೋಯಿತಲ್ಲ ಅಂತ. ಬೀದಿ ನಾಯಿಗಳಿಗೆ ಹಾಕು ಅಂತಲೂ ಒಬ್ಬರು ಹೇಳಿದರು. ಕೆಂಪಿಗೆ ಆಗದ್ದು ಅವುಗಳಿಗೆ ಹೇಗೆ ಆಗುತ್ತದೆ? ಕೆಂಪಿಯ ಅಮ್ಮ ಇನ್ನೂ ಇದೇ ಬೀದಿಯಲ್ಲಿದ್ದಾಳೆ. ಹಿತ್ತಲಲ್ಲಿ ಆಳವಾಗಿ ಗುಂಡಿ ತೋಡಿ ಹೂತೆ, ಮೇಲೆ ಚಪ್ಪಡಿ ಎಳೆದೆ. ಆ ನಾಣ್ಯ ಇಲ್ಲದಿದ್ದರೆ ಅವತ್ತು ರಾತ್ರಿ ನಾನು ಅದನ್ನೇ ಅವಳ ತಟ್ಟೆಗೆ ಹಾಕಿರುತ್ತಿದ್ದೆ. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ.

ಅವತ್ತಿನಿಂದ ಮೂರು ದಿನದ್ದು ಮಾತ್ರ ಮಾಡುತ್ತೇನೆ. ಫ್ರೀಜರನ್ನು ನಂಬುವ ಹಾಗಿಲ್ಲದವರು ಹಸಿ ಊಟಕ್ಕೆ ಕೈ ಹಾಕಲೇಬೇಡಿ. ಫ್ರೀಜರಿನಲ್ಲಿಟ್ಟರೆ ರೋಗಾಣು ಸಾಯುತ್ತದೆ ಅಂತಲೂ ನಂಬಬೇಡಿ, ಸಾಲ್ಮೊನೆಲ್ಲಾ ಸಾಯಲ್ಲ, ಮಲಗಿರುತ್ತದೆ. ಡಬ್ಬಿಯನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಅರೆಗೆ ಇಳಿಸಿ, ಕಟ್ಟೆ ಮೇಲೆ ಇಟ್ಟು ಕರಗಿಸಬೇಡಿ.

ಮೊದಲ ವಾರದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಒಂದೇ ಬಗೆ ಮಾಂಸ, ಬರೀ ಕೋಳಿ, ಲಿವರ್ ಇಲ್ಲ. ಲಿವರನ್ನು ಆಮೇಲೆ ಉಗುರಿನಷ್ಟು ಉಗುರಿನಷ್ಟು ಸೇರಿಸಿದೆ. ಕಕ್ಕ ಬಿಳಿ ಸೀಮೆಸುಣ್ಣದ ಹಾಗಾದರೆ ಮೂಳೆ ಜಾಸ್ತಿಯಾಗಿದೆ ಅಂತ. ಕಪ್ಪಗೆ ತೆಳ್ಳಗಾದರೆ ಲಿವರ್ ಜಾಸ್ತಿ. ಆದರೆ ಕಪ್ಪು ಎರಡನೇ ದಿನವೂ ನಿಲ್ಲದಿದ್ದರೆ, ನಾಯಿ ಸೊರಗಿದ್ದರೆ, ಲೆಕ್ಕ ಹಾಕುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಓಡಿ.

ಶುರು ಮಾಡುವಾಗ ನಾನು ಅನ್ನ, ಮುದ್ದೆ ನಾಯಿಯ ಊಟವೇ ಅಲ್ಲ ಅಂತ ಹಳೆಯ ವಿಡಿಯೋದಲ್ಲಿ ಹೇಳಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. 2013ರಲ್ಲಿ ಸ್ವೀಡನ್ನಿನ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಬರೆದಿದ್ದಾರೆ, ಪಿಷ್ಟ ಅರಗಿಸುವ ಜೀನು ತೋಳಕ್ಕಿಂತ ನಾಯಿಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಇದೆ ಅಂತ. ಮನುಷ್ಯನ ಜೊತೆ ಇದ್ದೂ ಇದ್ದೂ ನಮ್ಮ ಊಟಕ್ಕೆ ಹೊಂದಿಕೊಂಡಿವೆ. ಮುಧೋಳದ ಕಡೆ ಬೇಟೆ ನಾಯಿಗಳು ಜೋಳ, ಹಾಲು ಉಂಡೇ ಓಡುತ್ತಿದ್ದವಲ್ವಾ. ನಮ್ಮ ಅಜ್ಜಿ ಇದನ್ನು ಯಾವ ಪತ್ರಿಕೆಯೂ ಇಲ್ಲದೆ ಹೇಳಿದ್ದರು, ನಾನು ಕೇಳಲಿಲ್ಲ. ಈಗ ಬೆಳಿಗ್ಗೆ ಮಾತ್ರ ಹಸಿ, ಅರ್ಧ ಲೆಕ್ಕ, 225 ಗ್ರಾಂ. ರಾತ್ರಿ ಮುದ್ದೆ, ಬೆಂದ ಮೊಟ್ಟೆ, ವಾರದಲ್ಲಿ ಎರಡು ದಿನ ಬೇಯಿಸಿದ ಬೂತಾಯಿ ಮೀನು. ಜೊತೆಗೆ ಡಾಕ್ಟರು ಬರೆದುಕೊಟ್ಟ ಪುಡಿ, ಈ 80, 10, 10ರಲ್ಲಿ ಸತು, ವಿಟಮಿನ್ ಇ ಸಾಲುವುದಿಲ್ಲವಂತೆ. ಕೆಂಪಿ ಎರಡೂ ತಟ್ಟೆ ನೆಕ್ಕಿ ಹೊಳೆಯಿಸುತ್ತಾಳೆ.

ಈ ಶಾಟ್ ಮುಗಿಯುತ್ತಾ ಬಂತು. ತಿಂದಾಯಿತು, ನೀರು ಕುಡಿಯುತ್ತಿದ್ದಾಳೆ. ಈಗ ಅವಳ ಬಾಯಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ಒಂದು ಗಂಟೆ ಟೆರೇಸಿನಲ್ಲೇ ಇರುತ್ತಾಳೆ, ಆಮೇಲೆ ಕೆಳಗೆ. ಅಜ್ಜಿ ಮೆಟ್ಟಿಲ ಹತ್ತಿರ ನಿಂತು ಕೂಗುತ್ತಿದ್ದಾರೆ ಕೇಳಿಸಿತಾ, "ಬಿಡೇ ಅವಳನ್ನ, ಬಿಸಿಲಾಯ್ತು" ಅಂತ. ಬಂದೆ ಅಜ್ಜಿ, ಮೊದಲು ಕೈ ತೊಳೆದುಕೊಂಡು ಬರುತ್ತೇನೆ.