ಹುಳು ಮನೆಯಲ್ಲಿ ಮೂರು ಗಡಿಯಾರ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ನಾಲ್ಕನೇ ಜ್ವರ ಮುಗಿಸಿ ಎದ್ದರೆ ಮನೆಯವರಿಗೆ ನಿದ್ದೆ ಹೋಯಿತು ಅಂತಲೇ ಲೆಕ್ಕ. ಜ್ವರ ಅಂದರೆ ಗೊತ್ತಲ್ಲ, ಹುಳು ಮೇವು ಬಿಟ್ಟು, ತಲೆ ಎತ್ತಿ ಸುಮ್ನೆ ಕೂತು, ಹಳೇ ಚರ್ಮ ಕಳಚುವುದು. ನಾಲ್ಕನೇ ಸಲ ಕಳಚಿ ಎದ್ದಿತೋ, ಆಮೇಲೆ ಅದರ ಹಸಿವಿಗೆ ಕೊನೆಯೇ ಇಲ್ಲ. ಹುಟ್ಟಿನಿಂದ ಗೂಡು ಕಟ್ಟುವವರೆಗೆ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಈ ಕೊನೆಯ ಏಳೆಂಟು ದಿನದಲ್ಲೇ ಖರ್ಚು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ತುಂತುರು ಮಳೆ ಬಿದ್ದ ಹಾಗೆ ಕೇಳುತ್ತದೆ.

2024ರ ಆಗಸ್ಟ್ 8ರ ರಾತ್ರಿ ನಮ್ಮ ಅಣ್ಣನ ಹುಳು ಮನೆಯಲ್ಲಿ ಆ ಮಳೆ ಸುರಿಯುತ್ತಿತ್ತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನೀರಜ್ ಚೋಪ್ರಾ ಅವರ ಜಾವೆಲಿನ್ ಫೈನಲ್ ಕೂಡ ಅದೇ ರಾತ್ರಿ. ಅಲ್ಲಿ ಇನ್ನೂ ರಾತ್ರಿ 8 ಗಂಟೆ 25 ನಿಮಿಷ, ನಮಗೆ 11 ಗಂಟೆ 55 ನಿಮಿಷ. ಟಿವಿ ಇದ್ದದ್ದು ಮನೆಯಲ್ಲಿ. ಹುಳು ಮನೆ ತೋಟದ ಹತ್ತಿರ, ಅಲ್ಲಿ ಟಿವಿ ಇಲ್ಲ. ಹಾಗಾಗಿ ನನ್ನ ಫೋನನ್ನು ಸ್ಟ್ಯಾಂಡಿನ ಕಂಬಕ್ಕೆ ಒಂದು ದಾರದಲ್ಲಿ ಕಟ್ಟಿದೆವು. ಅಣ್ಣ, ಅತ್ತಿಗೆ, ನಾನು ರೆಂಬೆ ಹರಡುತ್ತಾ ನೋಡುತ್ತಿದ್ದೆವು. ಅಣ್ಣನ ಮಗ ಬಾಗಿಲ ಹತ್ತಿರ ನಿಂತಿದ್ದ. ಅವನ ಫೋನಿನಲ್ಲಿ ಚಿತ್ರ ಇಲ್ಲ, ಬರೀ ಫಲಿತಾಂಶದ ಪಟ್ಟಿ. ಪಕ್ಕದ ತೋಟದವರ ಮನೆಯಲ್ಲಿ ಡಿಶ್ ಟಿವಿ, ಜೋರು ಸದ್ದು.

ಎರಡನೇ ಸುತ್ತು. ನನ್ನ ಫೋನಿನಲ್ಲಿ ಪಾಕಿಸ್ತಾನದ ಅರ್ಷದ್ ನದೀಮ್ ಭರ್ಜಿ ಹಿಡಿದು ನಿಂತಿದ್ದರು, ಅಷ್ಟೇ. ಬಾಗಿಲಿನಿಂದ ಹುಡುಗ ಕೂಗಿದ, "ಅಯ್ಯೋ, 92.97!" ಅತ್ತಿಗೆ ಕೈಯಲ್ಲಿ ರೆಂಬೆ ಹಿಡಿದುಕೊಂಡೇ ಕೇಳಿದರು, "ಇನ್ನೂ ಎಸೆದೇ ಇಲ್ವಲ್ಲೋ, ನೀನು ಅಳತೆ ಹೇಳ್ತಿದ್ದೀಯ?" ಅಷ್ಟರಲ್ಲಿ ಪಕ್ಕದ ಮನೆಯಿಂದ "ಥತ್" ಅಂತ ಒಂದು ಸದ್ದು. ನನ್ನ ಫೋನಿನಲ್ಲಿ ನದೀಮ್ ಆಗ ತಾನೇ ಓಡಲು ಶುರು ಮಾಡಿದರು.

ಒಂದೇ ಎಸೆತ ನಮಗೆ ಮೂರು ಸಲ ಬಿತ್ತು ನೋಡಿ. ಮೊದಲು ಅಂಕಿಯಾಗಿ, ಆಮೇಲೆ ಪಕ್ಕದ ಮನೆಯ ಉದ್ಗಾರವಾಗಿ, ಕೊನೆಗೆ ಚಿತ್ರವಾಗಿ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಈ ತಡದ ಬಗ್ಗೆಯೇ. ಫೋನಿನಲ್ಲಿ ನೇರ ಪ್ರಸಾರ ಅಂತ ಕೆಂಪು ಚುಕ್ಕಿ ಹಾಕಿ ತೋರಿಸುತ್ತಾರಲ್ಲ, ಅದು ಅಷ್ಟೇನೂ ನೇರ ಅಲ್ಲ.

ಏಕೆ ಹೀಗೆ? ನಮ್ಮ ಸೊಪ್ಪಿನ ಲೆಕ್ಕದಲ್ಲೇ ಹೇಳುತ್ತೇನೆ. ತೋಟದಿಂದ ಸೊಪ್ಪನ್ನು ಇಡೀ ಗಿಡವಾಗಿ ತರುವುದಿಲ್ಲ. ರೆಂಬೆ ಕಡಿದು, ಹೊರೆ ಕಟ್ಟಿ, ಒಂದೊಂದಾಗಿ ಸಾಗಿಸುತ್ತೇವೆ. ವಿಡಿಯೊ ಕೂಡ ಹಾಗೇ. ಕೆಲವು ಸೆಕೆಂಡುಗಳ ತುಂಡು ಮಾಡುತ್ತಾರೆ. ಪ್ರತಿ ತುಂಡನ್ನೂ ನಾಲ್ಕೈದು ಗುಣಮಟ್ಟದಲ್ಲಿ ತಯಾರಿಸುತ್ತಾರೆ, ನೆಟ್‌ವರ್ಕ್ ಚೆನ್ನಾಗಿರುವವರಿಗೆ ದಪ್ಪನೆಯದು, ಇಲ್ಲದವರಿಗೆ ತೆಳುವಾದದ್ದು. ಅದು ಊರೂರಿನ ಸರ್ವರ್‌ಗಳಿಗೆ ಹೋಗಿ, ಅಲ್ಲಿಂದ ನಿಮ್ಮ ಫೋನಿಗೆ ಬರಬೇಕು. ಬಂದ ತಕ್ಷಣ ಫೋನು ತೋರಿಸುವುದೂ ಇಲ್ಲ. ಮೂಲೆಯಲ್ಲಿ ಒಂದೆರಡು ಹೊರೆ ದಾಸ್ತಾನು ಇಟ್ಟುಕೊಂಡೇ ನಾವು ಸೊಪ್ಪು ಹಾಕಲು ಶುರು ಮಾಡುತ್ತೇವೆ, ಅಲ್ವಾ? ಗಾಡಿ ತಡವಾದರೆ ಹುಳು ಹಸಿದುಕೊಂಡು ಇರಬಾರದಲ್ಲ. ಫೋನು ಕೂಡ ಕೆಲವು ತುಂಡು ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ದಾಸ್ತಾನು ಖಾಲಿಯಾದಾಗ ಕಾಣುವುದೇ ಆ ಗಿರಗಿರ ಸುತ್ತುವ ಚಕ್ರ. ಇಷ್ಟೆಲ್ಲ ಸೇರಿ 20, 30, ಕೆಲವೊಮ್ಮೆ 40 ಸೆಕೆಂಡು ಹಿಂದೆ ಬೀಳುತ್ತೇವೆ.

ಡಿಶ್‌ನಲ್ಲೂ ತಡ ಇದೆ, ಆದರೆ ಕಡಿಮೆ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಗೆ ಹೋಗಿ ಬರಲು ಕಾಲು ಸೆಕೆಂಡು ಸಾಕು. ಉಳಿದ ಕೆಲವು ಸೆಕೆಂಡು ಚಿತ್ರವನ್ನು ಕುಗ್ಗಿಸಿ, ಮತ್ತೆ ಹಿಗ್ಗಿಸುವುದಕ್ಕೆ. ಇನ್ನು 92.97 ಅನ್ನುವುದು ಎಷ್ಟು ಭಾರ? ನಾಲ್ಕು ಅಂಕಿ, ಒಂದು ಚುಕ್ಕಿ. ಅದಕ್ಕೆ ಹೊರೆ ಬೇಕಾಗಿಲ್ಲ, ದಾಸ್ತಾನೂ ಬೇಕಾಗಿಲ್ಲ. ರಸ್ತೆಯಲ್ಲಿ ನಿಂತು ಒಂದು ಕೂಗು ಹಾಕಿದ ಹಾಗೆ ಬಂದುಬಿಡುತ್ತದೆ.

ನೀವು ಈಗ ನನ್ನನ್ನು ಕೇಳುತ್ತಿರುವುದು ರೇಡಿಯೋ ಪೆಟ್ಟಿಗೆಯಲ್ಲೋ, ಫೋನಿನ ಆ್ಯಪ್‌ನಲ್ಲೋ? ಎರಡೂ ಇದ್ದರೆ ಒಟ್ಟಿಗೆ ಹಾಕಿ ನೋಡಿ. ಪೆಟ್ಟಿಗೆಯವನೇ ಮೊದಲು ಮಾತಾಡುತ್ತಾನೆ. ಹಾಗಂತ ರೇಡಿಯೋ ಅಲೆಗೂ ದಾರಿ ಸವೆಸುವುದು ತಪ್ಪಿದ್ದಲ್ಲ. ನಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲೇ ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕ ಇದೆ. ಅದಕ್ಕೆ ಸಿಗುವ ಸುದ್ದಿ ಎಂಟು ನಿಮಿಷಕ್ಕಿಂತ ಹಳೆಯದು. ಅದರ ಮುಂದೆ ನಮ್ಮ ಮೂವತ್ತು ಸೆಕೆಂಡು ಏನು ಮಹಾ ಅಂತ ಹುಡುಗನಿಗೆ ಹೇಳಿದೆ. "ಚಿಕ್ಕಪ್ಪ, ಸೂರ್ಯನಲ್ಲಿ ಫೈನಲ್ ಇಲ್ವಲ್ಲ" ಅಂದ.

ಸರಿ, ಮಾಡುವುದೇನು? ಚಿತ್ರದಲ್ಲಿ ನೋಡುವ ಆಸೆ ಇದ್ದರೆ ಆಟ ಮುಗಿಯುವವರೆಗೆ ಬೇರೆ ಆ್ಯಪ್‌ಗಳ ನೋಟಿಫಿಕೇಶನ್ ಬಂದ್ ಮಾಡಿ. ಸುದ್ದಿ ಆ್ಯಪ್, ಸ್ಕೋರ್ ಆ್ಯಪ್, ವಾಟ್ಸ್ಆ್ಯಪ್ ಗುಂಪು, ಎಲ್ಲ. ಇಲ್ಲದಿದ್ದರೆ ನೀವು ನೋಡುತ್ತಿರುವ ಓಟದ ಫಲಿತಾಂಶ ಅದೇ ಪರದೆಯ ತಲೆಯ ಮೇಲೆ ಬಂದು ಕೂರುತ್ತದೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವವರು ಗುಣಮಟ್ಟವನ್ನು ತಾವೇ ಕೆಳಗೆ ಇಳಿಸಿಟ್ಟುಕೊಳ್ಳಿ. ಆಟೊ ಅಂತ ಬಿಟ್ಟರೆ ಸಿಗ್ನಲ್ ಚೆನ್ನಾಗಿರುವ ಕಡೆ ಅದು ದಪ್ಪನೆಯ ಚಿತ್ರವನ್ನೇ ಎಳೆಯುತ್ತದೆ. ಒಂದು ಗಂಟೆಯಲ್ಲಿ ದಿನದ ಡೇಟಾ ಮುಗಿದುಹೋದರೂ ಆಶ್ಚರ್ಯವಿಲ್ಲ.

ಆದರೆ ಬರೀ ಅಂಕಿ ನೋಡುವುದನ್ನು ಕೀಳಾಗಿ ಕಾಣಬೇಡಿ. ಅದರ ರುಚಿ ನನಗೆ ಹತ್ತಿದ್ದು 2021ರಲ್ಲಿ, ಟೋಕಿಯೊ ಒಲಿಂಪಿಕ್ಸ್‌ನ ಗಾಲ್ಫ್‌ನಿಂದ. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಮೂರು ದಿನದ ಆಟ ಮುಗಿದಾಗ ಎರಡನೇ ಸ್ಥಾನದಲ್ಲಿದ್ದರು. ಜಗತ್ತಿನಲ್ಲಿ ಅವರ ಕ್ರಮಾಂಕ ಆಗ 200. ಆಗಸ್ಟ್ 7ರ ಶನಿವಾರ ಬೆಳಗಿನ ಜಾವ ಎದ್ದು ಫೋನು ತೆಗೆದೆ. ಗಾಲ್ಫ್ ಅಂದರೆ ನನಗೆ ಏನೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಎಲ್ಲರ ಮುಂದೆಯೂ ಮೈನಸ್. ಮೈನಸ್ 13, ಮೈನಸ್ 14. ನಿಗದಿ ಮಾಡಿದ್ದಕ್ಕಿಂತ ಎಷ್ಟು ಹೊಡೆತ ಕಡಿಮೆ ತೆಗೆದುಕೊಂಡರು ಅನ್ನುವ ಲೆಕ್ಕ ಅದು, ಮೈನಸ್ ಜಾಸ್ತಿ ಇದ್ದಷ್ಟೂ ಮೇಲೆ. ಅತ್ತಿಗೆಗೆ ಹೇಳಿದರೆ, "ಅಂದ್ರೆ ಸಾಲ ಜಾಸ್ತಿ ಮಾಡಿದೋರು ಗೆಲ್ತಾರಾ? ಹಾಗಿದ್ರೆ ನಮ್ಮೂರಿಗೆ ಚಿನ್ನ ಬರಬೇಕಿತ್ತು" ಅಂದರು.

ಆ ಪಟ್ಟಿ ಒಂದೊಂದು ಗುಳಿಗೂ ಕದಲುತ್ತಿತ್ತು. ನಡುವೆ ಗುಡುಗು ಮಳೆ ಬಂದು ಆಟ ನಿಂತಿತು. ಮತ್ತೆ ಶುರುವಾಯಿತು. ಕೊನೆಗೆ ಅಮೆರಿಕದ ನೆಲ್ಲಿ ಕೊರ್ಡಾ ಮೈನಸ್ 17, ಜಪಾನಿನ ಮೊನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೊ ಮೈನಸ್ 16, ಅದಿತಿ ಮೈನಸ್ 15. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ಚೆಂಡು ಎಲ್ಲಿ ಉರುಳಿತು ಅಂತ ನಾನು ಕಣ್ಣಾರೆ ಕಾಣಲಿಲ್ಲ. ಆದರೂ ಕೈ ಬೆವರಿತ್ತು. ಅದೇ ದಿನ ಸಂಜೆ ನೀರಜ್ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಊರೆಲ್ಲ ಬೆಳಗಿನದನ್ನು ಮರೆಯಿತು, ನಾನು ಮಾತ್ರ ಮರೆತಿಲ್ಲ.

ಜಾವೆಲಿನ್ ಪಟ್ಟಿಯೂ ಓದಲು ಸುಲಭ. ಫೈನಲ್‌ನಲ್ಲಿ 12 ಜನ. ಎಲ್ಲರಿಗೂ ಮೂರು ಎಸೆತ. ಮೊದಲ ಎಂಟು ಜನಕ್ಕೆ ಇನ್ನೂ ಮೂರು. ಒಳ್ಳೆಯ ಒಂದು ಎಸೆತವೇ ಲೆಕ್ಕಕ್ಕೆ. ತಪ್ಪಾದರೆ ಇಂಟು ಗುರುತು. ಪ್ಯಾರಿಸ್‌ನ ಆ ರಾತ್ರಿ ನೀರಜ್ ಹೆಸರಿನ ಮುಂದೆ ಮೊದಲನೆಯದು ಇಂಟು, ಎರಡನೆಯದು 89.45, ಆಮೇಲೆ ಸಾಲಾಗಿ ಇಂಟು. ಆ ಸಾಲು ನೋಡಿದರೆ ಸಾಕು, ಮನುಷ್ಯ ಒಳಗೆ ಎಷ್ಟು ಒದ್ದಾಡಿರಬೇಕು ಅಂತ ಗೊತ್ತಾಗುತ್ತದೆ. ನದೀಮ್ ಅವರದಂತೂ ಒಲಿಂಪಿಕ್ ದಾಖಲೆ. ಅದಕ್ಕೆ ಮೊದಲು ಇದ್ದದ್ದು 2008ರಲ್ಲಿ ಬೀಜಿಂಗ್‌ನಲ್ಲಿ ನಾರ್ವೆಯ ಆಂಡ್ರಿಯಾಸ್ ಥೋರ್ಕಿಲ್ಡ್‌ಸನ್ ಎಸೆದ 90.57.

ಅಂಕಿಯನ್ನು ಎಲ್ಲಿಂದ ತೆಗೆದುಕೊಳ್ಳುತ್ತೇವೆ ಅನ್ನುವುದೂ ಮುಖ್ಯ. ಜಾವೆಲಿನ್ ಫೈನಲ್‌ನ ಹಿಂದಿನ ದಿನವನ್ನೇ ನೆನಪಿಸಿಕೊಳ್ಳಿ. ವಿನೇಶ್ ಫೋಗಟ್ ಮಂಗಳವಾರ ಒಂದೇ ದಿನ ಮೂರು ಕುಸ್ತಿ ಗೆದ್ದು ಫೈನಲ್ ತಲುಪಿದ್ದರು. ಬುಧವಾರ ಬೆಳಿಗ್ಗೆ ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಹೂವು, ಬಾವುಟ, ಅಭಿನಂದನೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು, 50 ಕೆಜಿ ವಿಭಾಗದ ತೂಕಕ್ಕಿಂತ 100 ಗ್ರಾಂ ಜಾಸ್ತಿ ಇದ್ದಾರೆಂದು ಅನರ್ಹ ಮಾಡಿದರು ಅಂತ. ಗುಂಪಿನಲ್ಲಿ ಮಾತ್ರ ಸಂಜೆಯವರೆಗೂ ಹಳೇ ಅಭಿನಂದನೆ ಬರುತ್ತಲೇ ಇತ್ತು. ಒಬ್ಬರಂತೂ ಚಿನ್ನ ಬಂದೇಬಿಟ್ಟಿತು ಅಂತ ಚಿತ್ರ ಹಾಕಿದರು. ನಿಜ ಅಂದುಕೊಂಡು ನಾನೂ ಒಂದು ಕಡೆ ಕಳಿಸಿದೆ, ಸುಳ್ಳೇಕೆ ಹೇಳಲಿ. ಆವತ್ತಿನಿಂದ ಪದಕದ ಮಾತು ಬಂದರೆ ಒಲಿಂಪಿಕ್ಸ್‌ನವರದೇ ಆ್ಯಪ್ ತೆಗೆದು ನೋಡುತ್ತೇನೆ. ಪುಕ್ಕಟೆ ಲೈವ್ ಇಲ್ಲಿದೆ ಅಂತ ಯಾರೋ ಕಳಿಸುವ ಲಿಂಕ್ ಅಂತೂ ಒತ್ತಲೇಬೇಡಿ. ಆಟದ ಬದಲು ಓಟಿಪಿ ಕೇಳುವ ಪುಟ ತೆರೆಯುತ್ತದೆ.

ಇನ್ನು ಹೊತ್ತಿನ ಲೆಕ್ಕ. ಮುಂದಿನ ಒಲಿಂಪಿಕ್ಸ್ 2028ರ ಜುಲೈ 14ರಿಂದ 30ರವರೆಗೆ ಲಾಸ್ ಏಂಜಲೀಸ್‌ನಲ್ಲಿ. 1900ರ ನಂತರ ಮೊದಲ ಸಲ ಕ್ರಿಕೆಟ್ ಕೂಡ ಇದೆ. ಆ ಊರು ಬೇಸಿಗೆಯಲ್ಲಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ 20ನೇ ತಾರೀಕು ಸಂಜೆ 6 ಗಂಟೆ ಅಂದರೆ ನಮಗೆ 21ರ ಬೆಳಿಗ್ಗೆ ಆರೂವರೆ. ತಾರೀಕೇ ಬದಲಾಗುವುದರಿಂದ ಪೇಪರಿನಲ್ಲಿ ನೋಡಿ ಅಲಾರಂ ಇಟ್ಟರೆ ಒಂದು ದಿನ ಹೆಚ್ಚುಕಮ್ಮಿ ಆಗುವ ಅಪಾಯ ಇದೆ. ವೇಳಾಪಟ್ಟಿ ತೆರೆದಾಗ ಅದು ಭಾರತದ ಸಮಯ ತೋರಿಸುತ್ತಿದೆಯೋ, ಅಲ್ಲಿನದೋ ಅಂತ ಮೊದಲು ನೋಡಿಕೊಳ್ಳಿ. ಅಣ್ಣ ಈಗಲೇ ಖುಷಿಯಾಗಿದ್ದಾನೆ. ಬೆಳಿಗ್ಗೆ ಸೊಪ್ಪು ಹಾಕುವ ಹೊತ್ತಿಗೇ ಸರಿಹೋಗುತ್ತದಂತೆ.

ಮತ್ತೆ ಆ ರಾತ್ರಿಗೆ ಬರುತ್ತೇನೆ. ಒಂದು ಗಂಟೆ ದಾಟಿತ್ತು. ಸೊಪ್ಪು ಹಾಕಿ ಮುಗಿದಿತ್ತು, ಯಾರೂ ಮನೆಗೆ ಹೊರಟಿರಲಿಲ್ಲ. ಪಕ್ಕದ ಮನೆಯಲ್ಲೂ ಸದ್ದು ನಿಂತಿತ್ತು, ಟಿವಿ ಆರಿಸಿದ್ದರೇನೋ. ನೀರಜ್ ಅವರದು ಕೊನೆಯ ಎಸೆತ. ಅತ್ತಿಗೆ ಮಗನ ಕಡೆ ತಿರುಗಿ, "ಈ ಸಲ ಬಾಯಿ ಬಿಟ್ಟೀಯ ಅಂದ್ರೆ ನೋಡು" ಅಂದರು. ಹುಡುಗ ತಲೆ ಆಡಿಸಿ ಸುಮ್ಮನೆ ನಿಂತ. ನನ್ನ ಫೋನಿನಲ್ಲಿ ಚಿತ್ರ ಒಂದು ಗಳಿಗೆ ಮಸುಕಾಗಿ ಮತ್ತೆ ತಿಳಿಯಾಯಿತು. ಹುಡುಗ ತನ್ನ ಫೋನು ನೋಡಿದ. ಆರಿಸಿ ಜೇಬಿಗೆ ಹಾಕಿಕೊಂಡ. ಒಂದು ಮಾತೂ ಆಡಲಿಲ್ಲ. ಅತ್ತಿಗೆ ಅವನ ಮುಖ ನೋಡಿದರು.

"ಬೆಳ್ಳೀನೇ ಅಲ್ವಾ?" ಅಂದರು.

ನನ್ನ ಫೋನಿನಲ್ಲಿ ನೀರಜ್ ಇನ್ನೂ ಓಡಲು ಶುರು ಮಾಡಿರಲಿಲ್ಲ.