ಚಿತ್ರವೇ ಇಲ್ಲದ ಆನ್‌ಲೈನ್ ಆಟ: ಮಡ್ ಲೋಕದಲ್ಲಿ ಮೊದಲ ಒಂದು ಗಂಟೆ

[ಪರದೆ: ಕಪ್ಪು ಕಿಟಕಿ. ಅಕ್ಷರಗಳು ಸಾಲು ಸಾಲಾಗಿ ಮೇಲಕ್ಕೆ ಸರಿಯುತ್ತಿವೆ.]

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವುದು ಒಂದು ಆಟ. ಹೌದು, ಇಷ್ಟೇ. ಕಪ್ಪು ಕಿಟಕಿ, ಅದರ ತುಂಬ ಅಕ್ಷರ, ಕೆಳಗೆ ಟೈಪ್ ಮಾಡಲು ಒಂದು ಸಾಲು. ಆದರೆ ಈ ಹೊತ್ತಿಗೆ ಇದರೊಳಗೆ ಬೇರೆ ಬೇರೆ ದೇಶದ ನಾಲ್ಕು ಜನ ಸೇರಿ ಒಂದು ಡ್ರ್ಯಾಗನ್ ಹಿಂದೆ ಬಿದ್ದಿರಬಹುದು. ಇನ್ನಿಬ್ಬರು ಯಾವುದೋ ಛತ್ರದಲ್ಲಿ ಕೂತು ಜಗಳವಾಡುತ್ತಿರಬಹುದು. ಈ ಆಟಗಳಿಗೆ ಮಡ್ ಅನ್ನುತ್ತಾರೆ. ಮಲ್ಟಿ ಯೂಸರ್ ಡಂಜನ್ ಅನ್ನೋದರ ಚಿಕ್ಕ ರೂಪ.

ಹೊಸಬರಲ್ಲಿ ಬಹಳ ಜನ ಮೊದಲ ಒಂದು ಗಂಟೆಯೊಳಗೇ ಇದನ್ನು ಬಿಟ್ಟು ಹೋಗುತ್ತಾರೆ. ಆಟ ಕಷ್ಟ ಅಂತಲ್ಲ. ಅಕ್ಷರ ಸುರಿಯುವ ವೇಗ ನೋಡಿ ಗಾಬರಿಯಾಗುತ್ತದೆ, ಓದುವುದನ್ನು ಬಿಟ್ಟು ಸುಮ್ನೆ ಏನೇನೋ ಟೈಪ್ ಮಾಡುತ್ತಾರೆ, ಆಮೇಲೆ ಯಾವುದೋ ಇಲಿಯ ಕೈಲಿ ಸಾಯುತ್ತಾರೆ. ಆ ಒಂದು ಗಂಟೆ ದಾಟುವುದು ಹೇಗೆ ಅನ್ನೋದಷ್ಟೇ ಇವತ್ತಿನ ವಿಡಿಯೋ.

[ಪರದೆ: 1978]

ಇತಿಹಾಸ ಬೇಗ ಮುಗಿಸಿಬಿಡೋಣ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಮೊದಲ ಮಡ್ ಬರೆಯಲು ಶುರು ಮಾಡಿದರು. ಓಡುತ್ತಿದ್ದದ್ದು ಪಿಡಿಪಿ-10 ಎಂಬ ದೊಡ್ಡ ಕಂಪ್ಯೂಟರ್ ಮೇಲೆ. ಅವರ ಗೆಳೆಯ ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. 1991ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಡಿಕುಮಡ್ ಅನ್ನು ಹೊರಗೆ ಬಿಟ್ಟರು. ಯಾರು ಬೇಕಾದರೂ ಅದರ ಕೋಡ್ ತಗೊಂಡು ತಮ್ಮದೇ ಮಡ್ ನಡೆಸಬಹುದಿತ್ತು. ಅಲ್ಲಿಂದ ಮುಂದೆ ಮಡ್‌ಗಳ ಸಂಖ್ಯೆ ಜೋರಾಗಿ ಬೆಳೆಯಿತು. 1999ರ ಎವರ್‌ಕ್ವೆಸ್ಟ್ ಎಂಬ ಗ್ರಾಫಿಕ್ಸ್ ಆಟಕ್ಕೂ ಡಿಕುಗೂ ಎಷ್ಟು ಹೋಲಿಕೆ ಇತ್ತೆಂದರೆ, ನಾವು ಡಿಕು ಕೋಡ್ ಬಳಸಿಲ್ಲ ಎಂದು ಆ ತಂಡದವರು ಅಫಿಡವಿಟ್ಟನ್ನೇ ಬರೆದುಕೊಡಬೇಕಾಯಿತು. ಇವತ್ತಿನ ಆನ್‌ಲೈನ್ ಆಟಗಳಲ್ಲಿ ಲೆವೆಲ್, ಕ್ಲಾಸ್, ಗುಂಪು ಕಟ್ಟಿಕೊಂಡು ಹೋಗಿ ರಾಕ್ಷಸನನ್ನು ಹೊಡೆಯೋದು, ಇದೆಲ್ಲ ಇದೆಯಲ್ಲ? ಅದರ ಬೇರು ಇಲ್ಲಿದೆ.

[ಪರದೆ: ಇಸ್ಪೀಟಿನ ನಾಲ್ಕು ಬಣ್ಣಗಳು]

ಸರಿ, ಯಾವ ಮಡ್ ಆಡೋದು? ಮೊದಲು ನಿಮಗೆ ಏನು ಇಷ್ಟ ಅನ್ನೋದು ಗೊತ್ತಾಗಬೇಕು. ಇದಕ್ಕೆ ಅದೇ ಬಾರ್ಟಲ್ 1996ರಲ್ಲಿ ಬರೆದ ಒಂದು ಲೇಖನ ಸಹಾಯ ಮಾಡುತ್ತದೆ. ಆಟಗಾರರನ್ನು ಅವರು ಇಸ್ಪೀಟಿನ ನಾಲ್ಕು ಬಣ್ಣಗಳ ಹಾಗೆ ನಾಲ್ಕು ಬಗೆ ಮಾಡಿದರು. ಲೆವೆಲ್, ಚಿನ್ನ, ಆಯುಧ ಗುಡ್ಡೆ ಹಾಕುವವರು ಡೈಮಂಡ್. ಮೂಲೆ ಮೂಲೆ ಅಗೆದು ನೋಡುವವರು ಸ್ಪೇಡ್. ಮಾತಿಗಾಗಿ, ಗೆಳೆತನಕ್ಕಾಗಿ ಬರುವವರು ಹಾರ್ಟ್. ಬೇರೆ ಆಟಗಾರರನ್ನು ಬಡಿಯಲೆಂದೇ ಬರುವವರು ಕ್ಲಬ್.

ನೀವು ಡೈಮಂಡ್ ಆದರೆ ಡಿಕು ವಂಶದ ಮಡ್‌ಗಳು ನಿಮಗೆ ಹೇಳಿ ಮಾಡಿಸಿದವು. 1996ರಿಂದ ನಡೆಯುತ್ತಿರುವ ಆರ್ಡ್‌ವುಲ್ಫ್ ಇದಕ್ಕೆ ಒಳ್ಳೆ ಉದಾಹರಣೆ. ಹೊಸಬರಿಗೆ ಕಲಿಸಲು ಒಂದು ಶಾಲೆಯನ್ನೇ ಆಟದೊಳಗೆ ಇಟ್ಟಿದ್ದಾರೆ. ಸ್ಪೇಡ್ ಆದರೆ 1991ರಲ್ಲಿ ಶುರುವಾದ ಡಿಸ್ಕ್‌ವರ್ಲ್ಡ್ ಮಡ್ ನೋಡಿ. ಊರುಗಳು ದೊಡ್ಡವು, ತಮಾಷೆ ಜಾಸ್ತಿ. ರಾಜಕೀಯ, ಪಂಥ, ಆಟಗಾರರೇ ನಡೆಸುವ ನಗರ, ತಲೆಬಿಸಿ ಮಾಡುವಷ್ಟು ಆಳವಾದ ಕಾಳಗ ಬೇಕೆಂದರೆ 1997ರಲ್ಲಿ ಬಂದ ಅಕೀಯಾ ಇದೆ. ಆಡೋದು ಉಚಿತ. ಆದರೆ ಕ್ರೆಡಿಟ್ ಎಂಬ ಆಟದ ನಾಣ್ಯವನ್ನು ನಿಜವಾದ ದುಡ್ಡಿಗೆ ಮಾರುತ್ತಾರೆ. ಕೈ ಸ್ವಲ್ಪ ಬಿಗಿ ಹಿಡಿದಿರಿ.

ಇನ್ನು ಹಾರ್ಟ್. ನಿಮಗೆ ಬೇಕಿರೋದು ಪಾತ್ರ, ಕಥೆ, ಸಂಭಾಷಣೆ ಆಗಿದ್ದರೆ ಮಷ್ ಎಂಬ ಬಗೆ ಹುಡುಕಿ. 1989ರ ಟೈನಿಮಡ್‌ನಿಂದ ಬಂದ ಶಾಖೆ ಇದು. ಇಲ್ಲಿ ರಾಕ್ಷಸರನ್ನು ಕೊಂದು ಲೆವೆಲ್ ಏರಿಸೋದು ಸಾಮಾನ್ಯವಾಗಿ ಇರುವುದಿಲ್ಲ. ಜನ ಸೇರಿ ಒಂದು ದೃಶ್ಯವನ್ನು ಬರೆಯುತ್ತಾ ಹೋಗುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಆಟವೇ ಮಷ್ ಆಗೋದು ಬೇಡ. ಆಜ್ಞೆ ಹುಡುಕುವುದರಲ್ಲೇ ಒದ್ದಾಡುತ್ತಾ ಪಾತ್ರವನ್ನೂ ಆಡೋದು ಕಷ್ಟ.

ಒಂದು ವಿಷಯ ಮಾತ್ರ ಮರೆಯಬೇಡಿ. ಆರಿಸುವಾಗ ಒಳಗೆ ಜನ ಇದ್ದಾರಾ ನೋಡಿ. ಹೂ (who) ಅಂತ ಟೈಪ್ ಮಾಡಿದರೆ ಈಗ ಯಾರ್ಯಾರು ಆಡುತ್ತಿದ್ದಾರೆ ಅನ್ನೋ ಪಟ್ಟಿ ಬರುತ್ತದೆ. ಎಷ್ಟೋ ಮಡ್‌ಗಳು ಇನ್ನೂ ಓಡುತ್ತಿವೆ, ಒಳಗೆ ಮಾತ್ರ ನರಪಿಳ್ಳೆ ಇಲ್ಲ. (ನಾನು ಇಲ್ಲಿ ಹೇಳುವ ಆಜ್ಞೆಗಳನ್ನೆಲ್ಲ ಆಟದಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಪುಸ್ತಕದ ಇಂಗ್ಲಿಷ್ ಬರಬೇಕಂತಿಲ್ಲ. ಪಕ್ಕದಲ್ಲಿ ಒಂದು ನಿಘಂಟು ತೆರೆದಿಟ್ಟುಕೊಂಡರೆ ಸಾಕು.)

[ಪರದೆ: ಮಡ್‌ಲೆಟ್ ಕಿಟಕಿ, ಸಂಪರ್ಕದ ಪಟ್ಟಿ]

ಒಳಗೆ ಹೋಗಲು ಒಂದು ಕ್ಲೈಂಟ್ ಬೇಕು, ಅಂದರೆ ನಿಮ್ಮ ಕಂಪ್ಯೂಟರನ್ನು ಆಟಕ್ಕೆ ಜೋಡಿಸುವ ತಂತ್ರಾಂಶ. ಮಡ್‌ಲೆಟ್ ಹಾಕಿಕೊಳ್ಳಿ. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ತೆರೆದ ಕೂಡಲೇ ಹಲವು ಆಟಗಳ ಪಟ್ಟಿ ಸಿದ್ಧವಾಗಿಯೇ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ಮಡ್ ಆದರೆ ಅದರ ವಿಳಾಸ, ಪೋರ್ಟ್ ಸಂಖ್ಯೆ ಎರಡನ್ನೂ ಹಾಕಬೇಕು. ಹಳೆಯ ಕಾಲದ ಸಾದಾ ಸಂಪರ್ಕ ತಂತ್ರಾಂಶ ಟೆಲ್ನೆಟ್‌ನಲ್ಲೂ ಆಡಬಹುದು, ಆದರೆ ಬೇಡ. ನೀವು ಅರ್ಧ ಟೈಪ್ ಮಾಡಿರುವಾಗ ಆಟದ ಸಾಲುಗಳು ನಡುವೆ ನುಗ್ಗಿ ಎಲ್ಲ ಕಲಸಿಹೋಗುತ್ತದೆ. ಮಡ್‌ಲೆಟ್‌ನಲ್ಲಿ ಟೈಪ್ ಮಾಡುವ ಜಾಗವೇ ಬೇರೆ. ಮೊಬೈಲಿನಲ್ಲೂ ಆಗುತ್ತದೆ, ಆದರೆ ಕೀಬೋರ್ಡೇ ಅರ್ಧ ಪರದೆ ನುಂಗುತ್ತದೆ.

ಪಾಸ್‌ವರ್ಡ್ ಬಗ್ಗೆ ಒಂದು ಎಚ್ಚರಿಕೆ. ಹಳೆಯ ಟೆಲ್ನೆಟ್ ಸಂಪರ್ಕದಲ್ಲಿ ನೀವು ಕಳಿಸುವುದೆಲ್ಲ ಗೂಢಲಿಪಿ ಇಲ್ಲದೆ ಹಾಗೇ ಹೋಗುತ್ತದೆ, ಪಾಸ್‌ವರ್ಡ್ ಕೂಡ. ಕೆಲವು ಮಡ್‌ಗಳು ಸುರಕ್ಷಿತ ಸಂಪರ್ಕಕ್ಕೆ ಬೇರೆ ಪೋರ್ಟ್ ಕೊಡುತ್ತವೆ. ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೂ, ಇಮೇಲ್‌ಗೋ ಬ್ಯಾಂಕಿಗೋ ಇಟ್ಟಿರುವ ಪಾಸ್‌ವರ್ಡನ್ನು ಇಲ್ಲಿ ಹಾಕಲೇಬೇಡಿ.

ಹೆಸರು, ಜನಾಂಗ (ಮನುಷ್ಯ, ಎಲ್ಫ್, ಹೀಗೆ), ಕ್ಲಾಸ್ ಅಂದರೆ ಪಾತ್ರದ ಕಸುಬು ಕೇಳುತ್ತದೆ. ಅದರಲ್ಲೇ ಅರ್ಧ ಗಂಟೆ ಕಳೆಯಬೇಡಿ. ಯೋಧನನ್ನು ಆರಿಸಿ. ಮಂತ್ರವಾದಿಗೆ ಆಜ್ಞೆ ಜಾಸ್ತಿ, ಜೀವ ಕಮ್ಮಿ.

[ಪರದೆ: ಈ ಸಾಲುಗಳು ಒಂದೊಂದಾಗಿ ಮೂಡುತ್ತವೆ.
ಹಳೆಯ ಗಿರಣಿಯ ಅಂಗಳ.
ಮುರಿದ ಚಕ್ರವೊಂದು ಗೋಡೆಗೆ ಒರಗಿದೆ. ಬಾವಿಯ ಕಟ್ಟೆಯ ಮೇಲೆ ಒದ್ದೆ ಹೆಜ್ಜೆ ಗುರುತುಗಳಿವೆ. ಗಿರಣಿಯ ಬಾಗಿಲಿಗೆ ಬೀಗ.
ದಾರಿಗಳು: ಉತ್ತರ, ಪೂರ್ವ.
ಮುದುಕನೊಬ್ಬ ಇಲ್ಲಿ ನಿಂತಿದ್ದಾನೆ.]

ಇದು ನಾನೇ ಕನ್ನಡದಲ್ಲಿ ಬರೆದ ಒಂದು ಮಾದರಿ. ಮಡ್‌ನಲ್ಲಿ ಇಂಥ ಒಂದೊಂದು ಜಾಗಕ್ಕೂ ರೂಮ್ ಅನ್ನುತ್ತಾರೆ. ಅಂಗಳವೂ ರೂಮ್, ಕಾಡೂ ರೂಮ್, ಸಮುದ್ರದ ಮಧ್ಯವೂ ರೂಮ್. ಮೊದಲ ಸಾಲು ಹೆಸರು. ಆಮೇಲೆ ವರ್ಣನೆ, ದಾರಿಗಳು, ಕೊನೆಗೆ ಅಲ್ಲಿರುವ ವಸ್ತು ಮತ್ತು ಜನ. ಹೆಚ್ಚು ಕಡಿಮೆ ಎಲ್ಲ ಮಡ್‌ಗಳಲ್ಲೂ ಇದೇ ಕ್ರಮ.

ಹೊಸಬರ ಕಣ್ಣು ನೇರ ದಾರಿಗಳ ಸಾಲಿಗೆ ಹೋಗುತ್ತದೆ. ಉತ್ತರಕ್ಕೆ ಎನ್, ಪೂರ್ವಕ್ಕೆ ಇ, ದಕ್ಷಿಣಕ್ಕೆ ಎಸ್, ಪಶ್ಚಿಮಕ್ಕೆ ಡಬ್ಲ್ಯು, ಮೇಲಕ್ಕೆ ಯು, ಕೆಳಕ್ಕೆ ಡಿ. ಒಂದೊಂದೇ ಅಕ್ಷರ ಒತ್ತಿ ಎಂಟರ್ ಹೊಡೆಯುತ್ತಾ ಓಡುತ್ತಾರೆ. ಐದು ನಿಮಿಷದಲ್ಲಿ ದಾರಿ ತಪ್ಪಿರುತ್ತದೆ.

ನೀವು ಹಾಗೆ ಓಡಬೇಡಿ. ವರ್ಣನೆಯಲ್ಲಿ ಯಾವ ಯಾವ ವಸ್ತುಗಳ ಹೆಸರಿದೆ ನೋಡಿ. ಚಕ್ರ, ಬಾವಿ, ಹೆಜ್ಜೆ ಗುರುತು, ಬಾಗಿಲು, ಬೀಗ. ಒಂದೊಂದರ ಮೇಲೂ ಲುಕ್ ಆಜ್ಞೆ ಹಾಕಿ. ಚಕ್ರ ನೋಡಿದರೆ ಮಾಮೂಲಿ ಚಕ್ರ ಅನ್ನಬಹುದು. ಬಾವಿ ನೋಡಿದರೆ ಒಳಗೆ ಇಳಿಯಲು ಕಬ್ಬಿಣದ ಮೆಟ್ಟಿಲಿದೆ ಅನ್ನಬಹುದು. ದಾರಿಗಳ ಪಟ್ಟಿಯಲ್ಲಿ ಅದು ಇರಲಿಲ್ಲ ಅಲ್ವಾ? ಇದನ್ನು ಬರೆದವರಿಗೆ ಚಿತ್ರ ತೋರಿಸುವ ಸೌಲಭ್ಯ ಇರಲಿಲ್ಲ. ಗುಟ್ಟು ಬಚ್ಚಿಡಲು ಅವರಿಗಿದ್ದ ಜಾಗವೆಂದರೆ ವಾಕ್ಯವೇ. ಒದ್ದೆ ಹೆಜ್ಜೆ ಗುರುತು ಅಂತ ಬರೆದಿದ್ದರೆ ಏನೋ ಕಾರಣ ಇರುತ್ತದೆ. ಇಲ್ಲದೆಯೂ ಇರಬಹುದು, ಎಲ್ಲ ಬರಹಗಾರರೂ ಅಷ್ಟು ಶ್ರದ್ಧೆಯವರೇನಲ್ಲ. ಆದರೂ ನೋಡಿ.

ಬ್ರೀಫ್ ಅಂತ ಒಂದು ಆಜ್ಞೆ ಇರುತ್ತದೆ. ಅದು ವರ್ಣನೆ ಮುಚ್ಚಿ ಬರೀ ಹೆಸರು ತೋರಿಸುತ್ತದೆ. ಹಳಬರು ಅದನ್ನು ಸದಾ ಹಾಕಿಕೊಂಡೇ ಇರುತ್ತಾರೆ. ನೀವು ಈಗಲೇ ಹಾಕಬೇಡಿ.

ನಕ್ಷೆ ಬೇಕೇ ಬೇಕು. ಮಡ್‌ಲೆಟ್‌ನಲ್ಲಿ ನಕ್ಷೆಯ ಕಿಟಕಿ ಇದೆ. ಆದರೆ ಶುರುವಿನಲ್ಲಿ ಕಾಗದದ ಮೇಲೆ ಚೌಕ ಚೌಕ ಬರೆದು ಗೆರೆ ಎಳೆಯೋದೇ ಚೆಂದ, ಜಾಗ ತಲೆಯಲ್ಲಿ ಕೂರುತ್ತದೆ. ಕೆಲವು ಕಡೆ ಪೂರ್ವಕ್ಕೆ ಹೋಗಿ ತಿರುಗಿ ಪಶ್ಚಿಮಕ್ಕೆ ಬಂದರೆ ಅದೇ ಜಾಗ ಸಿಗುವುದಿಲ್ಲ. ನಿಮ್ಮ ನಕ್ಷೆ ತಪ್ಪಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ.

[ಪರದೆ: ಕಾಳಗದ ಸಾಲುಗಳು ವೇಗವಾಗಿ ಸರಿಯುತ್ತವೆ]

ಕಾಳಗ ಶುರುವಾದರೆ ಮಾತ್ರ ಅಕ್ಷರ ನಿಜಕ್ಕೂ ಸುರಿಯುತ್ತದೆ. ಎಲ್ಲವನ್ನೂ ಓದಲು ಹೋಗಬೇಡಿ. ಬಹಳ ಮಡ್‌ಗಳಲ್ಲಿ ಕೆಲವು ಸೆಕೆಂಡಿಗೊಂದು ಸುತ್ತಿನಂತೆ ಹೊಡೆತಗಳು ತಾನಾಗಿಯೇ ನಡೆಯುತ್ತವೆ. ನೀವು ನೋಡಬೇಕಾದದ್ದು ಪ್ರಾಂಪ್ಟ್ ಅಂದರೆ ಕೊನೆಯ ಸಾಲಿನಲ್ಲಿರುವ ಸಂಖ್ಯೆಗಳು. ನಿಮ್ಮ ಜೀವ ಎಷ್ಟಿದೆ, ಮಂತ್ರಶಕ್ತಿ ಎಷ್ಟಿದೆ, ನಡೆಯುವ ಕಸುವು ಎಷ್ಟಿದೆ ಅನ್ನೋದು ಅಲ್ಲಿ ಇರುತ್ತದೆ. ಜೀವ ಅರ್ಧಕ್ಕೆ ಇಳಿದರೆ ಫ್ಲೀ ಅಂತ ಟೈಪ್ ಮಾಡಿ ಓಡಿ. ಬಹಳ ಮಡ್‌ಗಳಲ್ಲಿ ವಿಂಪಿ, ಅಂದರೆ ಪುಕ್ಕಲ, ಎಂಬ ಸೆಟ್ಟಿಂಗ್ ಇದೆ. ಜೀವ ಇಷ್ಟಕ್ಕೆ ಇಳಿದರೆ ನನ್ನನ್ನು ತಾನಾಗಿ ಓಡಿಸು ಎಂದು ಮೊದಲೇ ಹೇಳಿಡಬಹುದು. ಹೆಸರು ಕೇಳಿ ನಾಚಿಕೊಳ್ಳಬೇಡಿ, ಹಾಕಿಡಿ. ಯಾರನ್ನಾದರೂ ಹೊಡೆಯುವ ಮೊದಲು ಕನ್ಸಿಡರ್ ಆಜ್ಞೆಯಿಂದ ಅವರ ಬಲ ಅಳೆಯಿರಿ. ಮೇಲೆ ಹೇಳಿದ ಮುದುಕ ನಿಮ್ಮ ಹತ್ತರಷ್ಟು ಬಲಶಾಲಿ ಇರಬಹುದು, ಇಲ್ಲಿ ವೇಷ ನೋಡಿ ಹೇಳಲು ಬರುವುದಿಲ್ಲ.

ಸತ್ತರೆ? ಹಲವು ಕಡೆ ನಿಮ್ಮ ಸಾಮಾನೆಲ್ಲ ನಿಮ್ಮ ಹೆಣದ ಜೊತೆ ಸತ್ತ ಜಾಗದಲ್ಲೇ ಬಿದ್ದಿರುತ್ತದೆ. ಬರಿಗೈಲಿ ಹೋಗಿ ಎತ್ತಿಕೊಂಡು ಬರಬೇಕು. ಅಲ್ಲಿಗೆ ಹೇಗೆ ಹೋದೆ ಅನ್ನೋದು ಗೊತ್ತಿದ್ದರೆ ತಾನೇ? ಕಾಗದದ ನಕ್ಷೆ ಆಗ ಉಪಯೋಗಕ್ಕೆ ಬರುತ್ತದೆ.

[ಪರದೆ: ಬಣ್ಣ ಬಣ್ಣದ ಚಾನೆಲ್ ಸಂದೇಶಗಳು]

ಇನ್ನು ಜನ. ಸೇ ಅಂದರೆ ಅದೇ ರೂಮಿನಲ್ಲಿರುವವರಿಗೆ ಕೇಳಿಸುತ್ತದೆ. ಟೆಲ್ ಒಬ್ಬರಿಗೆ ಮಾತ್ರ. ಚಾನೆಲ್‌ಗಳು ಇಡೀ ಲೋಕಕ್ಕೆ. ಹೊಸಬರ ಚಾನೆಲ್ ಒಂದನ್ನು ಇಟ್ಟುಕೊಂಡು ಉಳಿದವನ್ನು ಮುಚ್ಚಿಬಿಡಿ, ಪರದೆ ಅರ್ಧ ಖಾಲಿಯಾಗುತ್ತದೆ. ಆ ಚಾನೆಲ್‌ನಲ್ಲಿ ಪ್ರಶ್ನೆ ಕೇಳಿ. ಹೊಸಬರು ಬರುವುದೇ ಅಪರೂಪ ಆಗಿರುವ ಲೋಕ ಇದು, ಸಾಮಾನ್ಯವಾಗಿ ಮೂರು ಜನ ಒಟ್ಟಿಗೆ ಉತ್ತರ ಕೊಡುತ್ತಾರೆ. ಇಲ್ಲಿ ಕಣ್ಣು ಕಾಣದ ಆಟಗಾರರೂ ಬಹಳ ಇದ್ದಾರೆ. ಎಲ್ಲವೂ ಅಕ್ಷರ ಆದ್ದರಿಂದ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ, ಹಾಗಾಗಿ ಅವರು ಸರಿಸಮಾನವಾಗಿ ಆಡುತ್ತಾರೆ. ನಿಮ್ಮ ತಂಡದ ನಾಯಕ ಅಂಥವರಲ್ಲಿ ಒಬ್ಬರಾಗಿರಬಹುದು, ನಿಮಗೆ ಗೊತ್ತೇ ಆಗುವುದಿಲ್ಲ.

ಪಾತ್ರ ಆಡಲೇಬೇಕು ಎನ್ನುವ ಮಡ್ ಆದರೆ ಎರಡು ನಿಯಮ ತಲೆಯಲ್ಲಿರಲಿ. ಎಮೋಟ್ ಎಂಬ ಆಜ್ಞೆಯಿಂದ ನಿಮ್ಮ ಪಾತ್ರ ಮಾಡುವುದನ್ನು ನೀವೇ ಬರೆಯಬಹುದು. "ಕತ್ತಿಯನ್ನು ಅವನ ಕೈಯತ್ತ ಬೀಸುತ್ತಾನೆ" ಅಂತ ಬರೆದರೆ ಸರಿ. "ಅವನ ಕೈ ಕತ್ತರಿಸಿ ಹಾಕುತ್ತಾನೆ" ಅಂತ ಬರೆದರೆ ಜಗಳ ಆಗುತ್ತದೆ. ಏಟು ಬಿತ್ತೋ ತಪ್ಪಿಸಿಕೊಂಡರೋ ಅನ್ನೋದು ಎದುರಿನವರು ಬರೆಯಬೇಕಾದ ಸಾಲು. ಎರಡನೆಯದು, ನಿಮಗೆ ಗೊತ್ತಿರುವುದೆಲ್ಲ ನಿಮ್ಮ ಪಾತ್ರಕ್ಕೆ ಗೊತ್ತಿರುವುದಿಲ್ಲ. ಗೆಳೆಯ ಟೆಲ್‌ನಲ್ಲಿ ಕೊಲೆಗಾರ ಯಾರು ಅಂತ ಹೇಳಿದ ಮಾತ್ರಕ್ಕೆ ನಿಮ್ಮ ಪಾತ್ರ ಹೋಗಿ ಅವನ ಕುತ್ತಿಗೆ ಹಿಡಿಯುವಂತಿಲ್ಲ.

ಏಲಿಯಾಸ್, ಟ್ರಿಗರ್ ಬಗ್ಗೆ ಚುಟುಕಾಗಿ. ಉದ್ದ ಆಜ್ಞೆಗೆ ಒಂದು ಗಿಡ್ಡ ಹೆಸರು ಇಟ್ಟುಕೊಳ್ಳೋದು ಏಲಿಯಾಸ್. ಎಲ್ಲ ಕಡೆ ನಡೆಯುತ್ತದೆ. ಒಂದು ಸಾಲು ಪರದೆಗೆ ಬಂದ ಕೂಡಲೇ ಕ್ಲೈಂಟ್ ತಾನೇ ಏನೋ ಟೈಪ್ ಮಾಡೋದು ಟ್ರಿಗರ್. ನೀವು ಕುರ್ಚಿಯಲ್ಲಿ ಇಲ್ಲದಾಗಲೂ ಅದು ಆಡುತ್ತಿದ್ದರೆ ಬಹಳ ಮಡ್‌ಗಳಲ್ಲಿ ಹೊರಗೆ ಹಾಕುತ್ತಾರೆ. ನಿಯಮ ಓದಿ ಆಮೇಲೆ ಬರೆಯಿರಿ.

[ಪರದೆ: ಪ್ರಾಂಪ್ಟ್ ಮಿನುಗುತ್ತಿದೆ]

ಹೊರಗೆ ಬರುವುದಕ್ಕೂ ಒಂದು ಕ್ರಮ ಇದೆ. ಕಿಟಕಿ ಮುಚ್ಚಿದರೆ ಆಟ ಬಿಟ್ಟ ಹಾಗೆ ಆಗುವುದಿಲ್ಲ. ಕೆಲವು ಮಡ್‌ಗಳಲ್ಲಿ ನಿಮ್ಮ ಪಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತದೆ, ದಾರಿಯಲ್ಲಿ ಹೋಗುವ ಯಾವ ತೋಳವೂ ಬಂದು ಕಚ್ಚಬಹುದು. ಮೂಲ ಡಿಕುಮಡ್‌ನಲ್ಲಂತೂ ಛತ್ರಕ್ಕೆ ಹೋಗಿ, ಬಾಡಿಗೆ ಕೊಟ್ಟು, ರೂಮ್ ಹಿಡಿದು ಮಲಗಿದರೆ ಮಾತ್ರ ಸಾಮಾನು ಉಳಿಯುತ್ತಿತ್ತು. ಹಾಗೇ ಕ್ವಿಟ್ ಅಂದವರ ಸಾಮಾನು ಹೋಯಿತು ಅಂತಲೇ ಲೆಕ್ಕ. ಈ ಪದ್ಧತಿಯನ್ನು ಉಳಿಸಿಕೊಂಡ ಮಡ್‌ಗಳೂ ಇವೆ. ಆದ್ದರಿಂದ ಮೊದಲ ದಿನ, ಆಟ ನಿಲ್ಲಿಸುವ ಹತ್ತು ನಿಮಿಷ ಮೊದಲು, ಹೆಲ್ಪ್ ಕ್ವಿಟ್, ಹೆಲ್ಪ್ ರೆಂಟ್, ಹೆಲ್ಪ್ ಸೇವ್ ಮೂರನ್ನೂ ಟೈಪ್ ಮಾಡಿ ಓದಿಕೊಳ್ಳಿ. ಛತ್ರ ದೂರ ಇದ್ದರೆ ನಡೆದು ಹೋಗಲೂ ಹೊತ್ತು ಬೇಕಲ್ಲ.